ಮಿತ್ತಲ್ ಮಾರಿದ ನಿಮಿಷಗಳು

ಜೆಟಿ ಮೊಬೈಲ್ಸ್ ಎಂದರೆ ಈಗಿನ ಹುಡುಗರು ಯಾವುದೋ ರಿಪೇರಿ ಅಂಗಡಿ ಅಂದುಕೊಂಡಾರು. ಕರ್ನಾಟಕದಲ್ಲಿ ಮೊಬೈಲು ಶುರು ಮಾಡಿದ ಎರಡು ಕಂಪನಿಗಳಲ್ಲಿ ಅದೂ ಒಂದು, ಇನ್ನೊಂದು ಸ್ಪೈಸ್. ನಂಬರು 98450ರಿಂದ ಶುರುವಾದರೆ ಜೆಟಿ, 98440 ಆದರೆ ಸ್ಪೈಸ್. ತೊಂಬತ್ತರ ದಶಕದ ಕೊನೆಗೆ ಬೆಂಗಳೂರಿನಲ್ಲಿ ಸೊಂಟದ ಬೆಲ್ಟಿಗೆ ಫೋನು ಸಿಕ್ಕಿಸಿಕೊಂಡು, ಅದು ನಾಲ್ಕು ಜನರಿಗೆ ಕಾಣಲೆಂದು ಅಂಗಿಯನ್ನು ಪ್ಯಾಂಟಿನೊಳಗೆ ತುರುಕಿ ಓಡಾಡುತ್ತಿದ್ದವರೆಲ್ಲ ಈ ಎರಡರಲ್ಲಿ ಒಂದರ ಗಿರಾಕಿಗಳು. ಏರ್‌ಟೆಲ್ ಆಗ ದೆಹಲಿಯವರ ಕಂಪನಿ, ನಮಗೆ ಸಂಬಂಧವಿಲ್ಲದ್ದು. 1999ರಲ್ಲಿ ಆ ಏರ್‌ಟೆಲ್‌ನ ಒಡೆಯ ಸುನಿಲ್ ಭಾರ್ತಿ ಮಿತ್ತಲ್ ಜೆಟಿಯನ್ನು ಕೊಂಡುಕೊಂಡರು. ಕರ್ನಾಟಕ, ಆಂಧ್ರ ಎರಡೂ ಒಂದೇ ಸಲಕ್ಕೆ ಅವರ ಕೈಗೆ ಬಂದವು. 98450ರವರು ನಂಬರು ಬದಲಿಸದೆಯೇ ಏರ್‌ಟೆಲ್‌ನವರಾದರು.

ಮಿತ್ತಲ್ ಬಗ್ಗೆ ಬಂದಿರುವ ಬರಹಗಳಲ್ಲಿ ಹೆಚ್ಚಿನವು ಒಂದೇ ಜಾಡಿನವು. ಇಪ್ಪತ್ತು ಸಾವಿರ ರೂಪಾಯಿ ಸಾಲ ತಂದು ಸಾಮ್ರಾಜ್ಯ ಕಟ್ಟಿದ ಸಾಹಸಿ, ಇತ್ಯಾದಿ. ಅದು ಸುಳ್ಳೇನಲ್ಲ. ಆದರೆ ಓದಿದಾಗಲೆಲ್ಲ ಖಾತೆ ಪುಸ್ತಕದ ಒಂದೇ ಬದಿ ನೋಡಿದ ಹಾಗಾಗುತ್ತದೆ. ಅವರು ಮಾರಿದ್ದು ನಿಮಿಷಗಳನ್ನು, ಕೊಂಡವರು ನಾವು. ಕೊಂಡವರ ಬದಿಯ ಲೆಕ್ಕ ನನಗಿಷ್ಟು ಗೊತ್ತಿದ್ದರೆ ಅದು ತಿಪಟೂರಿನಲ್ಲಿ ನಮ್ಮ ಸೋದರಮಾವ ಇಟ್ಟಿದ್ದ ಎಸ್‌ಟಿಡಿ ಬೂತಿನಿಂದ.

ಬೂತು ಕೊಬ್ಬರಿ ಮಾರುಕಟ್ಟೆಯ ದಾರಿಯಲ್ಲಿತ್ತು. ಹಳದಿ ಬೋರ್ಡು, ಗಾಜಿನ ಬಾಗಿಲಿನ ಮರದ ಗೂಡು, ಒಳಗೊಂದು ಸ್ಟೂಲು, ಅಂಗೈಯಗಲದ ಫ್ಯಾನು. ಮಾತಾಡುವವರ ಕಣ್ಣೆದುರಿಗೇ ಕೆಂಪು ಅಂಕಿಗಳ ಮೀಟರು ಓಡುತ್ತಿತ್ತು. ತಿಪಟೂರಿನ ಉಂಡೆ ಕೊಬ್ಬರಿಗೆ ಗಿರಾಕಿ ಉತ್ತರ ಭಾರತ. ಹಾಗಾಗಿ ಮಂಡಿಯವರು ಬೆಳಗಿನ ಪೂರ್ತಿ ದರ ಕೊಟ್ಟೇ ದೆಹಲಿಗೆ ಹಚ್ಚುತ್ತಿದ್ದರು. ರೇಟು ಕೇಳುವ ಕೆಲಸವನ್ನು ರಾತ್ರಿಗೆ ಇಟ್ಟುಕೊಳ್ಳಲಾಗದು. ಮಿಕ್ಕವರು ರಾತ್ರಿ 11 ಗಂಟೆಯ ಕಾಲು ದರಕ್ಕೆ ಕಾಯುತ್ತಿದ್ದರು. ಮಗಳನ್ನು ದೂರದೂರಿಗೆ ಕೊಟ್ಟವರು, ಮಿಲಿಟರಿಯಲ್ಲಿ ಮಗ ಇದ್ದವರು ಶಾಲು ಹೊದ್ದು ಬೆಂಚಿನ ಮೇಲೆ ಸಾಲಾಗಿ ಕೂತಿರುತ್ತಿದ್ದರು. ಫೋನಿಟ್ಟ ಕೂಡಲೇ ಪ್ರಿಂಟರು ಕಿರ್ರೆಂದು ಚೀಟಿ ಉಗುಳುತ್ತಿತ್ತು. ದುಡ್ಡು ಸಾಲದೆ ಬಂದರೆ ಮಾವ ಆ ಚೀಟಿಯ ಹಿಂದೆ ಹೆಸರು ಬರೆದು ಗೋಡೆಯ ಮೊಳೆಗೆ ಚುಚ್ಚುತ್ತಿದ್ದರು. ಮೊಳೆಯ ಮೇಲಿನ ಸಾಲ ಮುಳುಗಿದ್ದು ಕಡಿಮೆ. ಮತ್ತೆ ಫೋನು ಮಾಡಲು ಅಲ್ಲಿಗೇ ಬರಬೇಕಿತ್ತಲ್ಲ.

ಮಾವ ಬೂತಿಗೆ ಅರ್ಜಿ ಹಾಕಿ ಕಾಯುತ್ತಿದ್ದ ದಿನಗಳಲ್ಲಿ ಮಿತ್ತಲ್ ಫೋನಿನ ಉಪಕರಣ ಮಾರುತ್ತಿದ್ದರು. 1957ರಲ್ಲಿ ಲೂಧಿಯಾನದಲ್ಲಿ ಹುಟ್ಟಿದವರು. ತಂದೆ ಸತ್ ಪಾಲ್ ಮಿತ್ತಲ್ ಕಾಂಗ್ರೆಸ್ಸಿನ ರಾಜ್ಯಸಭಾ ಸದಸ್ಯರು. ಸಾಹಸಿಯ ಕಥೆ ಬರೆಯುವವರು ಈ ಮಾತನ್ನು ಬೇಗ ದಾಟಿಬಿಡುತ್ತಾರೆ. ಎಲ್ಲಕ್ಕೂ ಲೈಸೆನ್ಸು ಬೇಕಿದ್ದ ಕಾಲದಲ್ಲಿ ದೆಹಲಿ ಹೇಗೆ ನಡೆಯುತ್ತದೆಂದು ಮನೆಯಲ್ಲೇ ನೋಡಿ ತಿಳಿದಿರುವುದೂ ಒಂದು ಬಂಡವಾಳವೇ. 1976ರಲ್ಲಿ ಸೈಕಲ್ಲಿನ ಬಿಡಿಭಾಗ ಮಾಡುವ ಸಣ್ಣ ಘಟಕದಿಂದ ಶುರು. ಆಮೇಲೆ ಮುಂಬೈಗೆ ಹೋಗಿ, ಜಪಾನಿನ ಸುಜುಕಿ ಕಂಪನಿಯ ಪುಟ್ಟ ಜನರೇಟರ್‌ಗಳನ್ನು ತರಿಸಿ ಮಾರಿದರು. ಕರೆಂಟು ಹೋಗುವುದೇ ಕಸುಬಾಗಿದ್ದ ದೇಶದಲ್ಲಿ ಅದು ಚೆನ್ನಾಗಿ ನಡೆಯಿತು. 1983ರಲ್ಲಿ ಸರ್ಕಾರ ಇಲ್ಲಿನ ದೊಡ್ಡ ಮನೆತನಗಳಿಗೆ ಜನರೇಟರ್ ತಯಾರಿಕೆಯ ಅನುಮತಿ ಕೊಟ್ಟು, ಆಮದು ನಿಲ್ಲಿಸಿತು. ವ್ಯಾಪಾರ ಅಲ್ಲಿಗೆ ಮುಗಿಯಿತು.

ನನ್ನ ಪ್ರಕಾರ ಮಿತ್ತಲ್ ಅವರ ವೃತ್ತಿಜೀವನದ ಪೂರ್ತಿ ಪಾಠ ಅವರಿಗೆ ಸಿಕ್ಕಿದ್ದು ಈ ಜನರೇಟರ್ ಪ್ರಸಂಗದಲ್ಲೇ. ದೆಹಲಿಯಿಂದ ಹೊರಡುವ ಒಂದು ಕಾಗದ ಅಂಗಡಿ ಮುಚ್ಚಿಸಬಲ್ಲದು, ಇನ್ನೊಂದು ಕಾಗದ ತೆಗೆಸಬಲ್ಲದು. ಮುಚ್ಚಿದಾಗ ಅಳುತ್ತ ಕೂರದೆ ಮುಂದಿನ ಬಾಗಿಲು ಯಾವಾಗ ತೆರೆಯುತ್ತದೆಂದು ಕಾದು ನಿಲ್ಲುವುದು ಅವರ ಕಸುಬಾಯಿತು. ತಂತ್ರಜ್ಞಾನವನ್ನು ಅವರು ಕಂಡುಹಿಡಿದದ್ದಿಲ್ಲ. ಕಂಡುಹಿಡಿದವರು ಯಾರು, ಅದು ಇಲ್ಲಿಗೆ ಬರಲು ಯಾರ ಸಹಿ ಬೇಕು, ಈ ಎರಡನ್ನು ಅವರಷ್ಟು ಚೆನ್ನಾಗಿ ಓದಿದವರು ಕಡಿಮೆ.

ಮುಂದಿನ ಬಾಗಿಲು ಗುಂಡಿ ಒತ್ತುವ ಫೋನು. ಅದುವರೆಗೆ ದೇಶದ ಮನೆಗಳಲ್ಲಿದ್ದದ್ದು ಬೆರಳು ಹಾಕಿ ತಿರುಗಿಸುವ ಕಪ್ಪು ಫೋನು. ಅದನ್ನು ಮಾಡುತ್ತಿದ್ದ ದೊಡ್ಡ ಕಾರ್ಖಾನೆ ನಮ್ಮ ಬೆಂಗಳೂರಿನ ದೂರವಾಣಿನಗರದ ಐಟಿಐ. 1948ರಲ್ಲಿ ಶುರುವಾದ ಆ ಕಾರ್ಖಾನೆ, ಅದರ ಕ್ವಾರ್ಟರ್ಸು, ಶಾಲೆ, ಶಿಫ್ಟಿನ ಬಸ್ಸು ಎಲ್ಲ ಸೇರಿ ಒಂದು ಊರೇ ಆಗಿತ್ತು. ಸರ್ಕಾರ ಖಾಸಗಿಯವರಿಗೂ ಫೋನು ತಯಾರಿಸಲು ಬಿಟ್ಟಾಗ ಮಿತ್ತಲ್ ತೈವಾನಿನಿಂದ ಬಿಡಿಭಾಗ ತರಿಸಿ ಜೋಡಿಸಿದರು. ಮೊದಲಿಗೆ ಜರ್ಮನ್ ಮಾಲಿನ ಹಾಗೆ ಕೇಳಿಸುವ ಮಿಟ್‌ಬ್ರೌ ಎಂಬ ಹೆಸರು, ಆಮೇಲೆ ಜರ್ಮನಿಯ ಸೀಮೆನ್ಸ್ ಜೊತೆ ನಿಜವಾದ ಒಪ್ಪಂದವೇ ಆಯಿತು, ಬೀಟೆಲ್ ಬ್ರ್ಯಾಂಡು ಬಂತು. ಮಾವನ ಗೂಡಿನಲ್ಲಿದ್ದದ್ದೂ ಬೀಟೆಲ್ಲೇ. ಅದರ ರೀಡಯಲ್ ಗುಂಡಿ ಎಲ್ಲಕ್ಕಿಂತ ಮೊದಲು ಸವೆಯಿತು. ದೆಹಲಿ ಲೈನು ಸಿಗುವವರೆಗೆ ಅದನ್ನೇ ಒತ್ತಬೇಕಿತ್ತು.

1992ರಲ್ಲಿ ನಾಲ್ಕು ಮಹಾನಗರಗಳ ಮೊಬೈಲ್ ಸೇವೆಗೆ ಟೆಂಡರು ಕರೆದರು. ಟೆಲಿಫೋನ್ ಜಾಲ ನಡೆಸಿದ ಅನುಭವ ಇರಬೇಕೆಂಬ ಷರತ್ತು ಇತ್ತು. ಮಿತ್ತಲ್ ಹತ್ತಿರ ಅದು ಇರಲಿಲ್ಲ. ಫ್ರಾನ್ಸು, ಮಾರಿಷಸ್ಸಿನ ಕಂಪನಿಗಳನ್ನು ಪಾಲುದಾರರಾಗಿ ಕರೆತಂದರು. ಟೆಂಡರು ಕೋರ್ಟು ಹತ್ತಿತು. ಸೋತವರು, ಗೆದ್ದವರು, ಅರ್ಧ ಗೆದ್ದವರು ಎಲ್ಲರೂ ಕೋರ್ಟಿನಲ್ಲಿ. 1994ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಟೆಂಡರ್ ಜಗಳ ಎಲ್ಲೇ ಆದರೂ ವಕೀಲರು ಇವತ್ತಿಗೂ ಎತ್ತಿ ಹೇಳುವ ಟಾಟಾ ಸೆಲ್ಯುಲರ್ ಪ್ರಕರಣ ಇದೇ. ದೆಹಲಿ ಮಿತ್ತಲ್ ಪಾಲಿಗೆ ಬಂತು. 1995ರಲ್ಲಿ ಏರ್‌ಟೆಲ್ ಶುರುವಾಯಿತು.

ಆದರೆ ದೇಶದ ಮೊದಲ ಮೊಬೈಲ್ ಕರೆ ಅವರ ಜಾಲದ್ದಲ್ಲ. 1995ರ ಜುಲೈ 31ರಂದು ಕಲ್ಕತ್ತೆಯಿಂದ ಮುಖ್ಯಮಂತ್ರಿ ಜ್ಯೋತಿ ಬಸು ದೆಹಲಿಯಲ್ಲಿದ್ದ ಕೇಂದ್ರ ದೂರಸಂಪರ್ಕ ಸಚಿವ ಸುಖರಾಮ್ ಅವರಿಗೆ ಮಾಡಿದ ಕರೆ ಅದು. ಜಾಲ ಮೋದಿ ಟೆಲ್‌ಸ್ಟ್ರಾ ಕಂಪನಿಯದು. ಮರುವರ್ಷ ಅದೇ ಸುಖರಾಮ್ ಮನೆಗಳಲ್ಲಿ ಸಿಬಿಐ ಕೋಟಿಗಟ್ಟಲೆ ನೋಟು ಹಿಡಿಯಿತು. ಮೊದಲ ಕರೆ ಹೊರಟ ಆ ಕಲ್ಕತ್ತೆಯ ಜಾಲವನ್ನು 2001ರಲ್ಲಿ ಮಿತ್ತಲ್ ಕೊಂಡರು. ಅದಕ್ಕೂ ಒಂದು ವರ್ಷ ಮುಂಚೆ ಚೆನ್ನೈನ ಸ್ಕೈಸೆಲ್ ಕೊಂಡಿದ್ದರು. ಮೊದಲು ಓಡಿದವರು ದಣಿದು ಕೂತಾಗ ಅವರ ಜಾಗಕ್ಕೆ ಹೋಗುವುದು ಮಿತ್ತಲ್ ಅವರಿಗೆ ಚೆನ್ನಾಗಿ ಬರುತ್ತಿತ್ತು.

ಮೊದಲು ಓಡಿದವರು ದಣಿಯಲು ಕಾರಣ ಇತ್ತು. ರಾಜ್ಯಗಳ ಲೈಸೆನ್ಸಿಗೆ ಕಂಪನಿಗಳು ಹಿಂದುಮುಂದು ನೋಡದೆ ಕೂಗಿದ್ದವು. ವರ್ಷಕ್ಕಿಷ್ಟು ಎಂದು ಒಪ್ಪಿಕೊಂಡ ಶುಲ್ಕ ಕಟ್ಟಲು ಬೇಕಾದಷ್ಟು ಗಿರಾಕಿಗಳೇ ಇರಲಿಲ್ಲ. ಇರುವುದಾದರೂ ಹೇಗೆ? ದಟ್ಟಣೆಯ ಹೊತ್ತಿನಲ್ಲಿ ನಿಮಿಷಕ್ಕೆ 16 ರೂಪಾಯಿಯವರೆಗೆ ದರ, ಬಂದ ಕರೆಗೂ ದುಡ್ಡು. ಆಗ ಬೆಂಗಳೂರಿನಲ್ಲಿ ಮೊಬೈಲು ಇದ್ದವರ ನಡವಳಿಕೆ ನೆನಪಿದೆ. ಫೋನು ರಿಂಗಾದರೆ ನಂಬರು ನೋಡಿ ಕಟ್ ಮಾಡಿ, ಪಕ್ಕದ ಅಂಗಡಿಯ ಒಂದು ರೂಪಾಯಿ ಕಾಯಿನ್ ಬಾಕ್ಸಿನಿಂದ ವಾಪಸು ಮಾಡುತ್ತಿದ್ದರು. ಕಾಯಿನ್ ಬಾಕ್ಸಿನ ಮುಂದೆ ಮೊಬೈಲು ಹಿಡಿದು ಕ್ಯೂ ನಿಂತ ಜನರನ್ನು ನೋಡಿ ನಗದಿದ್ದವರಿಲ್ಲ.

1999ರ ಹೊಸ ದೂರಸಂಪರ್ಕ ನೀತಿ ಈ ಕಂಪನಿಗಳನ್ನು ಎತ್ತಿ ನಿಲ್ಲಿಸಿತು. ನಿಗದಿ ಶುಲ್ಕ ಬೇಡ, ಆದಾಯದಲ್ಲಿ ಪಾಲು ಕೊಡಿ ಎಂದಿತು ಸರ್ಕಾರ. ಕಂಪನಿಗಳು ಕುಣಿದಾಡಿ ಒಪ್ಪಿದವು. ಆದಾಯ ಎಂದರೆ ಯಾವುದೆಲ್ಲ ಎಂಬ ಒಂದು ಸಣ್ಣ ವಿಷಯ ಮಾತ್ರ ಬಗೆಹರಿಯದೆ ಉಳಿಯಿತು. ಅದಕ್ಕೆ ಆಮೇಲೆ ಬರುತ್ತೇನೆ.

2003ರ ಮೇ 1ರಿಂದ ಬರುವ ಕರೆ ಉಚಿತವಾಯಿತು. ಮಾವ ಪೇಪರು ಮಡಿಸಿಟ್ಟು, "ಬಂದ ಕಾಲಿಗೆ ದುಡ್ಡಿಲ್ಲ ಅಂದ್ಮೇಲೆ ನಮ್ಮ ಗೂಡಲ್ಲಿ ಇನ್ಯಾರು ಬಂದು ಬೆವರ್ತಾರೋ?" ಅಂದರು. ಅದೇ ವರ್ಷ ರಿಲಯನ್ಸ್ 501 ರೂಪಾಯಿಗೆ ಫೋನನ್ನೇ ಕೈಗೆ ಕೊಟ್ಟಿತು. ಮಂಡಿಯವರು ಆಗಲೇ ಬೂತಿಗೆ ಬರುವುದು ಬಿಟ್ಟಿದ್ದರು. ಹರಾಜಿನ ಅಂಗಳದಲ್ಲೇ ನಿಂತು ದೆಹಲಿಯ ರೇಟು ಕೇಳಿ, ಅಲ್ಲೇ ಕೂಗುತ್ತಿದ್ದರು. ಕೊಬ್ಬರಿ ಬೆಳೆದವರಿಗೂ ದೆಹಲಿಯ ರೇಟು ಗೊತ್ತಾಗತೊಡಗಿದ್ದು ಆಗಲೇ. ದಲ್ಲಾಳಿಗಳಿಗೆ ಅದು ಅಷ್ಟೇನೂ ರುಚಿಸಲಿಲ್ಲ.

ಮಾವ ಅತ್ತಿಲ್ಲ. ಗೂಡು ಕಿತ್ತು ಆ ಜಾಗಕ್ಕೆ ಗಾಜಿನ ಕೌಂಟರು ಹಾಕಿದರು, ಕರೆನ್ಸಿ ಮಾರತೊಡಗಿದರು. ಮೊದಲು ಸ್ಕ್ರ್ಯಾಚ್ ಕಾರ್ಡುಗಳು. ಕಣ್ಣು ಕಾಣದವರು, ಓದು ಬಾರದವರು ಕಾರ್ಡನ್ನು ಮಾವನ ಕೈಗೇ ಕೊಡುತ್ತಿದ್ದರು. ಮಾವ ನಾಣ್ಯದ ಅಂಚಿನಿಂದ ಗೀರಿ, ನಂಬರನ್ನು ನಾಲ್ಕು ನಾಲ್ಕಾಗಿ ಗಟ್ಟಿಯಾಗಿ ಓದಿ ಒತ್ತುತ್ತಿದ್ದರು. ಸಂಜೆಗೆ ಕೌಂಟರಿನ ಗಾಜಿನ ಮೇಲೆ ಬೂದು ಪುಡಿ ಕೂತಿರುತ್ತಿತ್ತು, ಬಟ್ಟೆಯಲ್ಲಿ ಒರೆಸಿದರೂ ಹೋಗದು. ಆಮೇಲೆ ಈಸಿ ರೀಚಾರ್ಜ್ ಬಂತು. ಕಂಪನಿ ಕೊಟ್ಟ ಸಿಮ್ಮು ಹಾಕಿದ ಹಳೆಯ ನೋಕಿಯಾದಿಂದಲೇ 10 ರೂಪಾಯಿ, 20 ರೂಪಾಯಿ ಹಾಕಬಹುದು. ಹತ್ತು ಹಾಕಿಸಿದರೆ ಮಾತಿಗೆ ಸಿಗುತ್ತಿದ್ದದ್ದು ಏಳೋ ಎಂಟೋ. ಮಾವನಿಗೆ ನೂರಕ್ಕೆ ಮೂರು ರೂಪಾಯಿಯ ಆಸುಪಾಸು ಕಮಿಷನ್ನು. ಗಿರಾಕಿಗಳ ನಂಬರು ಬರೆದ ಉದ್ದನೆಯ ಪುಸ್ತಕ, ಅದರಲ್ಲಿ ಸಾಲದ ಲೆಕ್ಕಕ್ಕೆ ಬೇರೆ ಪುಟ. ಮೊಳೆಯ ಕೆಲಸವನ್ನು ಪುಸ್ತಕ ಮಾಡಿತು.

ಆ ಪುಸ್ತಕದಲ್ಲಿದ್ದ ಜನ ಮಾತಾಡಿದ್ದಕ್ಕಿಂತ ಹೆಚ್ಚು ಮಿಸ್ ಕಾಲ್ ಕೊಟ್ಟರು. ಒಂದು ರಿಂಗು ಕೊಟ್ಟರೆ ತಲುಪಿದೆ ಅಂತ, ಎರಡು ಕೊಟ್ಟರೆ ನೀನೇ ಮಾಡು ಅಂತ. ಹಾಲಿನ ಡೈರಿಯವರು, ಆಟೋದವರು, ಕಾಲೇಜು ಹುಡುಗರು, ಎಲ್ಲರಿಗೂ ಅವರವರದೇ ಒಪ್ಪಂದ. ತೆಂಗಿನ ತೋಟದವರು ಪಂಪ್‌ಸೆಟ್ಟಿಗೂ ಸಿಮ್ಮು ಹಾಕಿಸಿದರು. ಮೂರು ಫೇಸ್ ಕರೆಂಟು ಸರಿರಾತ್ರಿಯಲ್ಲಿ ಬಂದರೂ ಮಲಗಿದಲ್ಲಿಂದಲೇ ಮೋಟರಿಗೆ ಒಂದು ಮಿಸ್ ಕಾಲ್ ಕೊಟ್ಟರೆ ನೀರು ಎತ್ತುತ್ತಿತ್ತು. ಕಂಪನಿಯ ಜಾಲವನ್ನು ಕಾಸು ಖರ್ಚಿಲ್ಲದೆ ಹೀಗೆ ದುಡಿಸಿಕೊಂಡ ಬುದ್ಧಿವಂತಿಕೆಗೆ ಯಾರೂ ಪ್ರಶಸ್ತಿ ಕೊಡಲಿಲ್ಲ. 2007ರಲ್ಲಿ ಪದ್ಮಭೂಷಣ ಬಂದದ್ದು ಮಿತ್ತಲ್ ಅವರಿಗೆ. ಮಿಸ್ ಕಾಲನ್ನೇ ಜಾಹೀರಾತಿನ ವ್ಯಾಪಾರ ಮಾಡಿದ ಬೆಂಗಳೂರಿನ ಜಿಪ್‌ಡಯಲ್ ಕಂಪನಿಯನ್ನು 2015ರಲ್ಲಿ ಟ್ವಿಟರ್ ಕೊಂಡುಕೊಂಡಿತು. ದುಡ್ಡು ಎಲ್ಲಿಂದಲಾದರೂ ಹುಟ್ಟುತ್ತದೆ.

ಮಿಸ್ ಕಾಲಿನ ಗಿರಾಕಿಗಳನ್ನು ಇಟ್ಟುಕೊಂಡೂ ಕಂಪನಿ ಲಾಭ ಮಾಡಬಹುದೆಂದು ತೋರಿಸಿದ್ದು ಮಿತ್ತಲ್ ಅವರ ನಿಜವಾದ ಕೆಲಸ ಎನ್ನುತ್ತೇನೆ. 2004ರಲ್ಲಿ ಅವರು ಜಾಲದ ಉಸ್ತುವಾರಿಯನ್ನು ಎರಿಕ್ಸನ್, ನೋಕಿಯಾಗಳಿಗೂ, ಕಂಪ್ಯೂಟರಿನ ಎಲ್ಲ ಕೆಲಸವನ್ನು ಐಬಿಎಂಗೂ ಒಪ್ಪಿಸಿಬಿಟ್ಟರು. ಐಬಿಎಂ ಒಪ್ಪಂದ ಹತ್ತು ವರ್ಷದ್ದು. ಟೆಲಿಫೋನ್ ಕಂಪನಿಯೊಂದು ತನ್ನ ಜಾಲವನ್ನೇ ಬೇರೆಯವರ ಕೈಗೆ ಕೊಡುವುದು ಅದುವರೆಗೆ ಕೇಳರಿಯದ ಮಾತು. ಇದರ ಹಿಂದಿನ ಲೆಕ್ಕ ಅವರ ಬಹುಕಾಲದ ಜೊತೆಗಾರ ಅಖಿಲ್ ಗುಪ್ತಾ ಅವರದು. ಇಷ್ಟು ಪೆಟ್ಟಿಗೆ ತಂದಿಟ್ಟಿದ್ದೀರಿ, ಇಷ್ಟು ದುಡ್ಡು ಎನ್ನುವ ಮಾತಿಲ್ಲ. ನಿಮ್ಮ ಪೆಟ್ಟಿಗೆಯ ಮೂಲಕ ಎಷ್ಟು ಮಾತು ಹರಿಯಿತೋ ಅಷ್ಟಕ್ಕೆ ದುಡ್ಡು. ಮಾತಿನ ಆ ಅಳತೆಗೆ ಎರ್ಲಾಂಗ್ ಎನ್ನುತ್ತಾರೆ, ಒಂದು ಲೈನು ಒಂದು ಗಂಟೆ ಪೂರ್ತಿ ಬಿಜಿಯಾಗಿದ್ದರೆ ಒಂದು ಎರ್ಲಾಂಗ್. ನಮ್ಮ ಕಡೆಯ ಕೋರು ಬೇಸಾಯವೇ ಇದು: ಜಮೀನಿನ ಪಹಣಿ ನನ್ನ ಹೆಸರಿಗೆ, ಉಳುವವನು ನೀನು, ಬೆಳೆದಷ್ಟಕ್ಕೆ ಪಾಲು. ಪಹಣಿ ಎಂದರೆ ಇಲ್ಲಿ ಸರ್ಕಾರ ಕೊಟ್ಟ ಲೈಸೆನ್ಸು, ತರಂಗಾಂತರ. ಗಿರಾಕಿ, ಬ್ರ್ಯಾಂಡು, ಎ.ಆರ್. ರೆಹಮಾನ್ ಮಾಡಿಕೊಟ್ಟ ರಾಗ ಇವಿಷ್ಟನ್ನು ಮಾತ್ರ ಕೈಲಿಟ್ಟುಕೊಂಡರು. ಟವರುಗಳನ್ನೂ 2007ರಲ್ಲಿ ಪ್ರತಿಸ್ಪರ್ಧಿಗಳಾದ ವೊಡಾಫೋನ್, ಐಡಿಯಾ ಜೊತೆ ಸೇರಿ ಇಂಡಸ್ ಎಂಬ ಬೇರೆ ಕಂಪನಿಗೆ ಹಾಕಿದರು. ಹೊರಗೆ ಜಾಹೀರಾತಿನಲ್ಲಿ ಹೊಡೆದಾಟ, ಒಳಗೆ ಒಂದೇ ಟವರಿನಲ್ಲಿ ಕೂಡುಬಾಳ್ವೆ.

2009ರಲ್ಲಿ ಏರ್‌ಟೆಲ್ ಗಿರಾಕಿಗಳು 10 ಕೋಟಿ ಮುಟ್ಟಿದರು. ಅದೇ ವರ್ಷ ಟಾಟಾ ಡೊಕೊಮೊ ಸೆಕೆಂಡಿಗೆ ಒಂದು ಪೈಸೆ ಎಂದು ಬಂತು. ನಿಮಿಷ ಪೂರ್ತಿಯಾಗದಿದ್ದರೂ ನಿಮಿಷದ ದುಡ್ಡು ಮುರಿಯುತ್ತಿದ್ದ ಎಲ್ಲರೂ ಗೊಣಗುತ್ತ ಪೈಸೆಗೆ ಇಳಿದರು. ಮರುವರ್ಷ ಮಿತ್ತಲ್ 10.7 ಬಿಲಿಯನ್ ಡಾಲರಿಗೆ ಝೈನ್ ಕಂಪನಿಯ ಆಫ್ರಿಕಾ ವ್ಯವಹಾರ ಕೊಂಡರು, 15 ದೇಶಗಳು. ಇಲ್ಲಿನ ಅಗ್ಗದ ನಿಮಿಷದ ಸೂತ್ರ ಅಲ್ಲಿ ಬೇಗ ಫಲಿಸಲಿಲ್ಲ. ವರ್ಷಗಟ್ಟಲೆ ನಷ್ಟ ಹೊತ್ತರು.

ಈ ದಿನಗಳಲ್ಲೇ ಮಾವನ ಕೌಂಟರಿಗೆ ಬೇರೊಂದು ಬಗೆಯ ಜಗಳ ಬರತೊಡಗಿತು. "ನಿನ್ನೆ ಹಾಕಿಸಿದ ಮೂವತ್ತು ರೂಪಾಯಿ ಎಲ್ಲಿ ಹೋಯ್ತು ಸ್ವಾಮಿ?" ಕೇಳದ ಕಾಲರ್ ಟ್ಯೂನಿಗೆ, ಕ್ರಿಕೆಟ್ ಸ್ಕೋರಿಗೆ, ಜ್ಯೋತಿಷ್ಯಕ್ಕೆ ಕರೆನ್ಸಿ ಮುರಿದುಕೊಳ್ಳುತ್ತಿದ್ದರು. ನನ್ನದೂ ಒಮ್ಮೆ ಹೋಯಿತು. ಯಾವ ಕಂಪನಿ ಎಂಬುದು ಮುಖ್ಯವಲ್ಲ. ಕಂಪನಿಗೆ ಫೋನು ಮಾಡಿದರೆ ಒಂದನ್ನು ಒತ್ತಿ, ಎರಡನ್ನು ಒತ್ತಿ; ಬೈಗುಳ ತಿನ್ನುವ ಮನುಷ್ಯ ಅಂತ ಸಿಗುತ್ತಿದ್ದದ್ದು ಮಾವ ಒಬ್ಬರೇ.

2016ರ ಸೆಪ್ಟೆಂಬರ್ 5ರಂದು ಜಿಯೋ ಬಂತು, ಮಾತು ಪೂರ್ತಿ ಪುಕ್ಕಟೆ. ಇಪ್ಪತ್ತೊಂದು ವರ್ಷ ನಿಮಿಷ ಮಾರಿದವರ ಎದುರಿಗೆ ನಿಮಿಷಕ್ಕೆ ಬೆಲೆಯೇ ಇಲ್ಲ ಎನ್ನುವವರು ಬಂದು ಅಂಗಡಿ ತೆಗೆದರು. ಹತ್ತಾರು ಕಂಪನಿಗಳು ಮುಚ್ಚಿದವು, ಮಾರಿಕೊಂಡವು. ಮಿತ್ತಲ್ ಡೊಕೊಮೊದ ಟಾಟಾ, ಟೆಲಿನಾರ್ ಎಲ್ಲವನ್ನೂ ಬಾಚಿಕೊಂಡು ಉಳಿದರು. ಉಳಿದವರ ಬಾಗಿಲಿಗೆ 1999ರ ಹಳೆಯ ಕಾಗದ ಬಂತು. ಆದಾಯ ಎಂದರೆ ಮೊಬೈಲ್ ಸೇವೆಯಿಂದ ಬಂದದ್ದು ಮಾತ್ರ ಎಂದು ಕಂಪನಿಗಳು, ಬಡ್ಡಿ, ಬಾಡಿಗೆ ಎಲ್ಲ ಸೇರಿ ಎಂದು ಸರ್ಕಾರ. 2019ರ ಅಕ್ಟೋಬರ್ 24ರಂದು ಸುಪ್ರೀಂ ಕೋರ್ಟ್ ಸರ್ಕಾರದ ಲೆಕ್ಕ ಸರಿ ಎಂದಿತು. ಬಡ್ಡಿ, ದಂಡ, ದಂಡದ ಮೇಲಿನ ಬಡ್ಡಿ ಸೇರಿ ಏರ್‌ಟೆಲ್ ಪಾಲಿಗೆ 35,000 ಕೋಟಿ ರೂಪಾಯಿಗೂ ಹೆಚ್ಚು. ಆ ಸೆಪ್ಟೆಂಬರಿಗೆ ಮುಗಿದ ಮೂರು ತಿಂಗಳ ಲೆಕ್ಕದಲ್ಲಿ ಕಂಪನಿ ತೋರಿಸಿದ ನಷ್ಟ 23,045 ಕೋಟಿ. ಅವರನ್ನು ಬದುಕಿಸಿದ ಕಾಗದವೇ ಇಪ್ಪತ್ತು ವರ್ಷದ ಮೇಲೆ ಬಿಲ್ಲು ಕಳಿಸಿತ್ತು.

ಆ ಬಿಲ್ಲನ್ನು ಕಟ್ಟುತ್ತಿರುವವರು ಯಾರೆಂದು ನೋಡಬೇಕಾದರೆ ರೀಚಾರ್ಜ್ ದರ ಏರಿದ್ದನ್ನು ನೋಡಬೇಕು. ಹತ್ತು ರೂಪಾಯಿ ಹಾಕಿಸಿ ತಿಂಗಳುಗಟ್ಟಲೆ ಮಿಸ್ ಕಾಲಿನಲ್ಲೇ ಕಾಲ ಹಾಕುವ ಹಾದಿ 2018ರ ಕೊನೆಗೆ ಮುಚ್ಚಿತು. ನಂಬರು ಜೀವಂತ ಇರಬೇಕಾದರೆ 28 ದಿನಕ್ಕೆ 35 ರೂಪಾಯಿ ಎಂದರು. ಅದು 99 ಆಯಿತು, 155 ಆಯಿತು, 2024ರ ಜುಲೈಗೆ ಏರ್‌ಟೆಲ್‌ನ 28 ದಿನದ ಅನ್‌ಲಿಮಿಟೆಡ್ ಪ್ಲಾನು 199ರಿಂದ ಶುರುವಾಯಿತು. ತಿಂಗಳನ್ನು 28 ದಿನಕ್ಕೆ ಇಳಿಸಿದರೆ ವರ್ಷಕ್ಕೆ ಹದಿಮೂರು ತಿಂಗಳಾಗುತ್ತದೆ ಎಂಬುದನ್ನು ತಿಪಟೂರಿನಲ್ಲಿ ಮೊದಲು ಲೆಕ್ಕ ಹಾಕಿದವರು ನಮ್ಮ ಅತ್ತೆ; ಹಾಲಿನ ಲೆಕ್ಕ ಇಡುವವರಿಗೆ ಇಂಥದ್ದು ತಪ್ಪುವುದಿಲ್ಲ. 30 ದಿನದ ಪ್ಲಾನು ಒಂದಾದರೂ ಇರಲಿ ಎಂದು 2022ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಆದೇಶ ಕೊಡಬೇಕಾಯಿತು. ಮಾತು ಅಗ್ಗವಾಗಿದೆ, ನಿಜ. ದೆಹಲಿಗೆ ಗಂಟೆಗಟ್ಟಲೆ ಮಾತಾಡಬಹುದು. ಮಾತೇ ಆಡದವರಿಗೆ ಮಾತ್ರ ತುಟ್ಟಿ.

ಮಾವನ ಜಾಗದಲ್ಲಿ ಈಗ ಅವರ ಮಗ ಫೋನಿನ ಕವರು, ಗಾಜು, ಚಾರ್ಜರು ಮಾರುತ್ತಾನೆ. ರೀಚಾರ್ಜ್ ಮಾಡಿಸಲು ಅಂಗಡಿಗೆ ಬರುವವರು ವಯಸ್ಸಾದವರಷ್ಟೇ. ಮಿಕ್ಕವರೆಲ್ಲ ಫೋನಿನಲ್ಲೇ ಹಾಕಿಕೊಳ್ಳುತ್ತಾರೆ, ಕಮಿಷನ್ನಿನ ಮೂರು ರೂಪಾಯಿ ಹುಟ್ಟುವುದೇ ಇಲ್ಲ. ದೂರವಾಣಿನಗರದ ಐಟಿಐ ನಷ್ಟದಲ್ಲಿ ಮುಳುಗೇಳುತ್ತ ಇನ್ನೂ ಇದೆ. ಮಾವನಿಗೆ ಬೂತಿನ ಕಾಲದ ಬಗ್ಗೆ ಹಂಬಲವಿಲ್ಲ. "ರಾತ್ರಿ ಹನ್ನೆರಡರ ತನಕ ಕೂತ್ಕೊಂಡು ಊರವರ ಸಂಸಾರದ ಜಗಳ ಕೇಳೋದು ಯಾವ ಸುಖ ಕಣೋ?" ಎನ್ನುತ್ತಾರೆ. ಮಿತ್ತಲ್ ಬಗ್ಗೆ ಕೇಳಿದೆ. "ವ್ಯಾಪಾರಸ್ಥ. ನಾವು ಮಂಡೀಲಿ ಎಷ್ಟು ಜನಾನ್ನ ನೋಡಿಲ್ಲ" ಎಂದರು.

2020ರಲ್ಲಿ ಮಿತ್ತಲ್ ಬ್ರಿಟನ್ ಸರ್ಕಾರದ ಜೊತೆ ಸೇರಿ, ದಿವಾಳಿಯಾಗಿದ್ದ ಒನ್‌ವೆಬ್ ಎಂಬ ಉಪಗ್ರಹ ಕಂಪನಿಯನ್ನು ಕೊಂಡರು. ಆಕಾಶದಿಂದಲೇ ಇಂಟರ್‌ನೆಟ್ಟು, ಟವರೂ ಬೇಡ. ಇದಕ್ಕೂ ದೆಹಲಿಯ ಕಾಗದ ಬೇಕು. ಉಪಗ್ರಹದ ತರಂಗಾಂತರವನ್ನು ಹರಾಜು ಹಾಕಬೇಕೋ, ಹಾಗೆಯೇ ಕೊಡಬೇಕೋ ಎಂಬ ಜಗಳ ವರ್ಷಗಟ್ಟಲೆ ನಡೆಯಿತು. ನಗರದ ಗಿರಾಕಿಗಳಿಗೆ ಸೇವೆ ಕೊಡುವ ಉಪಗ್ರಹ ಕಂಪನಿಗಳೂ ನಮ್ಮ ಹಾಗೆಯೇ ಲೈಸೆನ್ಸಿಗೆ, ತರಂಗಾಂತರಕ್ಕೆ ದುಡ್ಡು ಕಟ್ಟಲಿ ಎಂದು ಮಿತ್ತಲ್ 2024ರ ಅಕ್ಟೋಬರಿನಲ್ಲಿ ದೆಹಲಿಯ ವೇದಿಕೆಯೊಂದರಲ್ಲಿ ಹೇಳಿದರು. ಅವರ ಮನಸ್ಸಿನಲ್ಲಿದ್ದದ್ದು ಇಲಾನ್ ಮಸ್ಕ್ ಅವರ ಸ್ಟಾರ್‌ಲಿಂಕ್ ಎಂದು ಎಲ್ಲರೂ ಅರ್ಥ ಮಾಡಿಕೊಂಡರು. ಐದು ತಿಂಗಳ ನಂತರ, 2025ರ ಮಾರ್ಚ್ 11ರಂದು, ಅದೇ ಸ್ಟಾರ್‌ಲಿಂಕನ್ನು ಇಲ್ಲಿ ಮಾರಿಕೊಡುವ ಒಪ್ಪಂದವನ್ನು ಏರ್‌ಟೆಲ್ ಪ್ರಕಟಿಸಿತು. ಮರುದಿನ ಜಿಯೋ ಕೂಡ ಪ್ರಕಟಿಸಿತು.